ಮೂರನೆಯ ಪಟ್ಟಿ

ಸರಕು ನೋಡಿ ಬೆಲೆ ಕಟ್ಟುವವರ ಕಣ್ಣಿಗೆ ಆಕೆ ಮೊದಲ ನೋಟಕ್ಕೆ ಬೀಳುವವಳಲ್ಲ. ಐದಡಿಗೆ ಎರಡಂಗುಲ ಕಡಿಮೆ, ಕನ್ನಡಕದ ಕಡ್ಡಿಗೆ ದಾರದ ಕಟ್ಟು, ನೀರಲ್ಲಿ ನೆನೆದು ನೆನೆದು ಬಿಳಿಚಿಕೊಂಡ ಬೆರಳು. ಮಾತು ತೂಕದ್ದು, ಅದೂ ಕೇಳಿದರೆ ಮಾತ್ರ. ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಗಾಜು ತೊಳೆದು ಪ್ರಯೋಗದ ಮೇಜಿಗೆ ಬಡ್ತಿ ಪಡೆದವಳು. ಮೇಜು ಸಿಕ್ಕರೂ ಕರೆಯುವುದು ಮಾತ್ರ ‘ತೊಳೆಯೋ ಅಕ್ಕ’ ಎಂದೇ.

ಜೀವಕೋಶದ ಪ್ರೋಟೀನುಗಳನ್ನು ಬಿಳಿ ಪೊರೆಯ ಮೇಲೆ ಇಳಿಸಿ, ಅದಕ್ಕೆ ಪ್ರತಿಕಾಯ ಹಾಕುವುದು ಅವಳ ಕೆಲಸ. ಪ್ರತಿಕಾಯ ತನಗೆ ಬೇಕಾದ ಒಂದೇ ಪ್ರೋಟೀನನ್ನು ಹುಡುಕಿ ಹಿಡಿಯಬೇಕು. ಹಿಡಿದ ಕಡೆ ಕಪ್ಪು ಗೆರೆ ಮೂಡುತ್ತದೆ. ಈ ಪ್ರತಿಕಾಯ ಮಾರಿದ ವ್ಯಾಪಾರಿಯ ಪುಸ್ತಿಕೆಯಲ್ಲಿ ಒಂದೇ ದಪ್ಪ ಗೆರೆ. ಆ ವ್ಯಾಪಾರಿ ಇದನ್ನು ಬರೆಯುತ್ತಿರುವವನೇ. ಅವಳ ಪೊರೆಯಲ್ಲೋ ಎರಡು: ಮೇಲೆ ದಪ್ಪದ್ದು, ಕೆಳಗೆ ತೆಳುವಾದದ್ದು.

“ನಿಮ್ಮ ಕೈ ಶುದ್ಧ ಇಲ್ಲಮ್ಮ,” ಎಂದು ವ್ಯಾಪಾರಿ ಫೋನಿನಲ್ಲೇ ತೀರ್ಪು ಕೊಟ್ಟ. “ಮಾಲಲ್ಲಿ ದೋಷ ಇದ್ದಿದ್ರೆ ಊರೆಲ್ಲ ನನ್ನ ಬೈತಿತ್ತು.”

ವಿಭಾಗದ ಮುಖ್ಯಸ್ಥೆ ಅದನ್ನೇ ನಂಬಿದರು. “ಶುಕ್ರವಾರದೊಳಗೆ ಸರಿಹೋಗದಿದ್ರೆ ನೀನು ವಾಪಸ್ ಗಾಜು ತೊಳೆಯೋ ತೊಟ್ಟಿ ಹತ್ರಾನೇ.”

ಮನೆಯಲ್ಲಿ ಅತ್ತೆ ಸಮಾಧಾನ ಹೇಳಿದರು: “ಕೇಳಿದ್ದು ಒಂದು, ಕೊಟ್ಟಿದ್ದು ಎರಡು. ಇದಕ್ಕೂ ಬೈತಾರಾ ನಿಮ್ಮೋರು?” ಸೊಸೆ ನಕ್ಕಳು.

ಮರುದಿನ ವ್ಯಾಪಾರಿಗೆ ಅವಳ ಫೋನು. “ಆ ಪ್ರತಿಕಾಯ ಮಾಡೋಕೆ ಬಳಸಿದ ಪೆಪ್ಟೈಡ್ ಇದೆಯಾ ನಿಮ್ಮ ಹತ್ರ?”

ಪೆಪ್ಟೈಡ್ ಎಂದರೆ ಆ ಪ್ರೋಟೀನಿನದೇ ಒಂದು ತುಣುಕು, ಕಾರ್ಖಾನೆಯಲ್ಲಿ ಜೋಡಿಸಿದ್ದು. ಅದನ್ನು ಮೊದಲೇ ಪ್ರತಿಕಾಯಕ್ಕೆ ಬೆರೆಸಿಟ್ಟರೆ ಅದರ ಕೈ ತುಂಬಿಹೋಗುತ್ತದೆ. ಪೊರೆಯ ಮೇಲಿನ ಅಸಲಿಯನ್ನು ಹಿಡಿಯಲು ಬಿಡುವಿರುವುದಿಲ್ಲ. ಅಸಲಿ ಗೆರೆ ಅಳಿಯಬೇಕು. ಯಾರೂ ಕೇಳದ ಆ ಸೀಸೆಯನ್ನು ವ್ಯಾಪಾರಿ ಫ್ರೀಜರಿನ ಮೂಲೆಯಿಂದ ಕೆದಕಿ ತೆಗೆದ. ಸೋಲಲು ಇಷ್ಟು ಅವಸರವೇ ಎಂದುಕೊಂಡು, ತಾನೇ ಒಯ್ದು ಕೊಟ್ಟ.

ಆಕೆ ಒಂದೇ ಪೊರೆಯನ್ನು ಪಟ್ಟಿಗಳಾಗಿ ಕತ್ತರಿಸಿದಳು. ಒಂದಕ್ಕೆ ಬರೀ ಪ್ರತಿಕಾಯ, ಇನ್ನೊಂದಕ್ಕೆ ಪೆಪ್ಟೈಡ್ ಬೆರೆಸಿದ್ದು. ಶುಕ್ರವಾರ ಮಧ್ಯಾಹ್ನ ಮುಖ್ಯಸ್ಥೆ, ವ್ಯಾಪಾರಿ ಇಬ್ಬರೂ ಪಟ್ಟಿಗಳ ಚಿತ್ರ ತೋರುವ ಪರದೆಯ ಮುಂದೆ. ಮೊದಲನೆಯದರಲ್ಲಿ ಎರಡೂ ಗೆರೆ. ಎರಡನೆಯದರಲ್ಲಿ ತೆಳು ಗೆರೆ ಮಾಯ; ಪುಸ್ತಿಕೆಯಲ್ಲಿ ಮೆರೆದಿದ್ದ ದಪ್ಪ ಗೆರೆ ಮಾತ್ರ ಬಾಡಿಗೆ ಕೊಡದ ಬಿಡಾರದವನಂತೆ ಕದಲದೆ ಕೂತಿತ್ತು.

ವ್ಯಾಪಾರಿ ಬಿಡುವವನೇ? “ಏನೋ ಒಂದು ಸುರಿದ್ರೆ ತೆಳು ಗೆರೆ ಹೋಗೇ ಹೋಗುತ್ತೆ. ಅದ್ರಲ್ಲೇನು?”

“ಹಾಗಂತೀರ ಅಂತ ಗೊತ್ತಿತ್ತಣ್ಣ,” ಎಂದು ಆಕೆ ಮೂರನೆಯ ಪಟ್ಟಿ ತೋರಿಸಿದಳು. ಅದಕ್ಕೆ ಅಷ್ಟೇ ಪ್ರಮಾಣದಲ್ಲಿ ಸಂಬಂಧವೇ ಇಲ್ಲದ ಬೇರೊಂದು ಪೆಪ್ಟೈಡ್ ಬೆರೆಸಿದ್ದಳು. ಎರಡೂ ಗೆರೆ ಇದ್ದಂತೆಯೇ ಇದ್ದವು. “ಹೋಗಿದ್ದೆಲ್ಲ ಅಸಲಿ ಅಂತ ಆಣೆ ಮಾಡಲ್ಲ. ಆದ್ರೆ ಎರಡನೇ ಪಟ್ಟೀಲಿ ಉಳಿದ ಈ ದಪ್ಪ ಗೆರೆ ನಮ್ಮ ಪ್ರೋಟೀನಲ್ಲ.”

ಮುಖ್ಯಸ್ಥೆ ಅಳೆದು ನೋಡಿದರು. ಪ್ರೋಟೀನಿನ ಗಾತ್ರ ಹೊಂದಿದ್ದು ತೆಳು ಗೆರೆಗೇ. ಅವರು ವ್ಯಾಪಾರಿಯತ್ತ ತಿರುಗಿದರು. “ಪುಸ್ತಿಕೆಯಲ್ಲಿ ಅದ್ಯಾಕಿಲ್ಲ?”

“ಜಾಗ ಸಾಲದು ಅಂತ...” ವ್ಯಾಪಾರಿ ಕೆಮ್ಮಿದ. “ಕೆಳಗೆ ಸ್ವಲ್ಪ ಕತ್ತರಿಸಿದ್ದೆ. ಅಳತೆ ಗುರುತೂ ಹೋಯ್ತು.”

ಮುಖ್ಯಸ್ಥೆ ನಗು ತಡೆಯಲಾರದೆ ಆಕೆಯ ಬೆನ್ನು ತಟ್ಟಿದರು. “ತೊಟ್ಟಿ ಮಾತು ಮರೆತುಬಿಡು ತಾಯಿ. ಇನ್ಮೇಲೆ ಯಾವ ಪ್ರತಿಕಾಯ ಬಂದ್ರೂ ಮೊದಲು ನಿನ್ನ ಮೇಜು. ನೀನು ಹೂಂ ಅಂದ್ರೇನೇ ಬೇರೆಯವರು ಮುಟ್ಟೋದು.”

ಆಕೆ ಕೈ ತೊಳೆದು, ಹೊಸ ಪೊರೆ ಕತ್ತರಿಸಲು ಕೂತಳು. ಆ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಇದನ್ನು ಬರೆದವನು ಆಕೆಗೆ ಒಂದು ಕ್ಷಮೆ ಕೇಳಬೇಕು, ಎಲ್ಲರ ಎದುರು, ಫೋನಿನಲ್ಲಲ್ಲ.