ಕೆಂಡದ ಪಾಸ್ತಾ ಮತ್ತು ನಮ್ಮತ್ತೆ

ನಮ್ಮತ್ತೆ ಗಂಗಮ್ಮ ನಿಂತೇ ಉಣ್ಣುತ್ತಿದ್ದರು. ಅರಸೀಕೆರೆಯ ನಮ್ಮ ಮನೆಯ ಅಡುಗೆಕಟ್ಟೆಯ ಮೂಲೆಯಲ್ಲಿ ಅವರ ತಟ್ಟೆ ಇರುತ್ತಿತ್ತು. ಬಲಗೈ ತಟ್ಟೆಯಲ್ಲಿ, ಎಡಗೈ ಸೌಟಿನ ಮೇಲೆ, ಕಿವಿ ಹಜಾರದ ಕಡೆ. "ಸಾರು" ಎಂಬ ಕೂಗು ಬಂದರೆ ಬಾಯಲ್ಲಿದ್ದ ತುತ್ತು ಗಂಟಲಿಗಿಳಿಯುವ ಮೊದಲೇ ಹೊರಟಿರುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು, "ಕೂತ್ಕೊಳ್ಳಿ ಅತ್ತೆ, ನಾನು ಬಡಿಸ್ತೀನಿ" ಅಂದಿದ್ದೆ. ಅವರು ನಕ್ಕರು.

"ನಮ್ಮ ಹಳೇಬೀಡಿನ ಗುಡಿ ಗೋಡೆ ಮೇಲೆ ಹೆಂಗಸರು ಎಷ್ಟು ಕಾಲದಿಂದ ನಿಂತವ್ರೆ, ನೋಡಿದೀಯಾ? ಆ ಊರಲ್ಲಿ ಹುಟ್ಟಿದೋಳು ನಾನು. ಆದ್ರೆ ಶಶಿ, ಅವರಿಗೆ ಮಂಡಿ ನೋಯಲ್ಲ."

ಮಾವನವರದು ಕೊಬ್ಬರಿ ವ್ಯಾಪಾರ. ಬೆಳಗಿನಿಂದ ಮಾರುಕಟ್ಟೆಯಲ್ಲಿ ದಣಿದು ಬಂದವರಿಗೆ ಮುದ್ದೆ ಹೊಗೆಯಾಡುತ್ತ ತಟ್ಟೆಗೆ ಬರಬೇಕು, ರೊಟ್ಟಿ ಹೆಂಚಿನಿಂದ ನೇರ ಎದುರಿಗೆ ಬೀಳಬೇಕು. ಅಂದಮೇಲೆ ಒಬ್ಬ ಹೆಂಗಸು ಒಲೆಯ ಮುಂದೆ ನಿಂತಿರಲೇಬೇಕು. ಗಂಡಸರೂ ಮಕ್ಕಳೂ ಎದ್ದ ಮೇಲೆ ಉಳಿದದ್ದು ನಮಗೆ. ಇದು ನಿಯಮ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಎದುರಾಡಬಹುದಿತ್ತು.

ಅದು ಮುರಿದದ್ದು ಪಾಸ್ತಾದಿಂದ. ನನ್ನ ಮಗಳು ಸಿಂಚನ ಹೈಸ್ಕೂಲಿನ ಗೆಳತಿಯ ಹುಟ್ಟುಹಬ್ಬದಲ್ಲಿ ಓವನ್‌ನಲ್ಲಿ ಬೇಯಿಸಿದ ಪಾಸ್ತಾ ತಿಂದು ಬಂದವಳು, ಮನೆಯಲ್ಲೂ ಮಾಡಿಕೊಡು ಎಂದು ನನ್ನ ಬೆನ್ನು ಹತ್ತಿದಳು. ನನಗೆ ಪುರುಸೊತ್ತಿರಲಿಲ್ಲ. ಅಜ್ಜಿಗೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ಅತ್ತೆ ಹುರುಳಿಕಾಳು ಆರಿಸುತ್ತಲೇ ಓರೆಗಣ್ಣಿನಲ್ಲಿ ನೋಡುತ್ತಿದ್ದರು.

"ಇದು ಬೇಯೋವಾಗ ಮಾಡೋಳು ಎಲ್ಲಿ ನಿಂತಿರ್ತಾಳೆ?"

"ನಿಲ್ಲೋದೇ ಬೇಡ ಅಜ್ಜಿ. ಒಳಗಿಟ್ಟು ಬಂದು ಕೂತ್ಕೊಳ್ಳೋದು."

"ಬಡಿಸೋವಾಗ?"

"ಪಾತ್ರೆ ಮಧ್ಯದಲ್ಲಿಟ್ಟು ಎಲ್ಲರೂ ಹಾಕ್ಕೊಳ್ಳೋದು."

ಅತ್ತೆ ಮೊರ ಕೆಳಗಿಟ್ಟರು. "ಇನ್ನೊಂದ್ಸಲ ತೋರ್ಸು."

ಆ ವಿಡಿಯೋದಲ್ಲಿ ಮಾತಾಡುತ್ತಿದ್ದದ್ದು ಇಂಗ್ಲಿಷು. ಅತ್ತೆ ಕಣ್ಣಿನಿಂದಲೇ ಕಲಿತರು. ಕೊನೆಯಲ್ಲಿ ವಿಡಿಯೋದ ಹೆಂಗಸು ಬೆಳ್ಳಗೆ ತುರಿದದ್ದೇನನ್ನೋ ಕೈತುಂಬ ಮೇಲೆ ಉದುರಿಸಿದಳು. ಅರಸೀಕೆರೆಯಲ್ಲಿ ಬೆಳ್ಳಗೆ ತುರಿಯುವ ವಸ್ತು ಇನ್ನೇನಿರುತ್ತದೆ? ಅತ್ತೆ ಎರಡು ಗಿಟುಕು ಕೊಬ್ಬರಿ ತುರಿದಿಟ್ಟುಕೊಂಡರು.

ನಮ್ಮಲ್ಲಿ ಓವನ್ ಇಲ್ಲ. ಆದರೆ ಹಿತ್ತಲ ತುಂಬ ಕೊಬ್ಬರಿ ಸುಲಿದ ಚಿಪ್ಪು. "ನಮ್ಮಜ್ಜಿ ದಪ್ಪ ರೊಟ್ಟಿ ಸುಡ್ತಿದ್ದ ಹಂಗೇ ಸುಟ್ರಾಯ್ತು" ಎಂದು ದೊಡ್ಡ ಬಾಣಲೆಗೆ ಮರಳು ಸುರಿದು ಚಿಪ್ಪಿನ ಕೆಂಡದ ಮೇಲಿಟ್ಟರು. ಪಾಸ್ತಾ ಬೇಯಿಸಿ ಬಸಿದದ್ದು, ಈರುಳ್ಳಿ ಟೊಮೇಟೊ ದಪ್ಪಮೆಣಸಿನಕಾಯಿಯ ಗೊಜ್ಜು, ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಕಲಕಿದ್ದು, ಎಲ್ಲವನ್ನೂ ಅಗಲದ ಪಾತ್ರೆಗೆ ಪದರ ಪದರವಾಗಿ ತುಂಬಿ, ಮೇಲೆ ಕೊಬ್ಬರಿ ತುರಿ ಹರವಿ, ಮರಳಿನಲ್ಲಿ ಕೂರಿಸಿದರು. ಕಬ್ಬಿಣದ ತಟ್ಟೆ ಮುಚ್ಚಿ ಅದರ ಮೇಲೂ ಕೆಂಡ ಸುರಿದರು. ಆಮೇಲೆ ಕೈ ತೊಳೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಹಿತ್ತಲ ಮೆಟ್ಟಿಲ ಮೇಲೆ ಕೂತರು. ಸಂಜೆಯ ಅಡುಗೆ ಹೊತ್ತಿನಲ್ಲಿ ಅವರು ಸುಮ್ಮನೆ ಕೂತಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ತೆಗೆದಾಗ ಕೊಬ್ಬರಿ ಹೊಂಬಣ್ಣಕ್ಕೆ ತಿರುಗಿ ಘಮ್ಮೆನ್ನುತ್ತಿತ್ತು. ಅತ್ತೆ ಹಜಾರದ ನಡುವೆ ಸಿಂಬೆ ಹಾಕಿ ಪಾತ್ರೆ ಇಟ್ಟು, ಒಂದು ತಟ್ಟೆ ಹಿಡಿದು ಮಾವನವರ ಎದುರಿಗೇ ಕೂತರು. ನನ್ನನ್ನೂ ಕೈ ಹಿಡಿದು ಕೂರಿಸಿದರು. ಮಾವನವರು ಕಾದರು. ನಮ್ಮ ಮನೆಯವರೂ ಕಾದರು. ಯಾರೂ ಬಡಿಸಲಿಲ್ಲ.

"ನಡುವೆ ಐತೆ. ಕೈ ಇರೋರು ಹಾಕ್ಕಳಿ" ಅಂದರು ಅತ್ತೆ.

ಮಾವನವರು ಪಾತ್ರೆಯೊಳಗೆ ಬಗ್ಗಿ ನೋಡಿದರು. "ಏನಿದು? ಹುಳ ಇದ್ದಂಗೈತೆ."

"ಶಾವಿಗೆ ತಿಂತೀರಲ್ಲ, ಅದೇನು ಹುಳದ ಮರಿನಾ?"

ಸಿಂಚನ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ಮಾವನವರು ಮುಖ ಬಿಗಿದುಕೊಂಡೇ ಸೌಟು ಹಿಡಿದರು. ಕೊನೆಗೆ ತಳಕ್ಕೆ ಹತ್ತಿದ ಸೀಕಲನ್ನು ಕೆರೆಕೆರೆದು ಹಾಕಿಕೊಂಡವರೂ ಅವರೇ. ಅಲ್ಲಿಂದ ಭಾನುವಾರದ ರಾತ್ರಿಯೂಟ ಅದೇ ಆಯಿತು.

ಅಜ್ಜಿ ಹಾಕಿದ್ದು ತಪ್ಪು, ವಿಡಿಯೋದಲ್ಲಿದ್ದದ್ದು ಚೀಸು ಎಂದು ಸಿಂಚನ ಆಮೇಲೆ ಹೇಳಿದಳು. ನಾನು ಪೇಟೆಯಿಂದ ಒಂದು ಪ್ಯಾಕೆಟ್ ತಂದೆ. ಅತ್ತೆ ಚೂರು ಬಾಯಿಗೆ ಹಾಕಿ ಅಗಿದು, "ಮೇಣ" ಅಂದರು. "ಆ ವಿಡಿಯೋದೋಳಿಗೆ ಕೊಬ್ಬರಿ ಸಿಕ್ಕಿಲ್ಲ, ಪಾಪ. ನಮಗೇನು ಬಂದೈತೆ?"

ಎಲ್ಲರಿಗೂ ಇದು ಸರಿಬರಲಿಲ್ಲ. ಮಾವನವರ ಅಕ್ಕ ಗಂಡಸಿ ಎಂಬ ಊರಿನಲ್ಲಿದ್ದಾರೆ. ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಒಂದು ಭಾನುವಾರ ಬಂದವರು ಹಜಾರದ ಈ ಪಂಕ್ತಿ ನೋಡಿ ಬಾಗಿಲಲ್ಲೇ ನಿಂತರು.

"ಏನೇ ಗಂಗಾ, ಯಜಮಾನ ತನ್ನ ಕೈಯಾರೆ ಬಡಿಸ್ಕಂತಾವ್ನೆ, ನೀನು ಪಟ್ಟದ ರಾಣಿ ಹಂಗೆ ಕೂತಿದೀಯ?"

"ನಿಮ್ಮ ತಮ್ಮ ಕೊಬ್ಬರಿ ಮೂಟೆ ಎತ್ತಿದೋರು ಅತ್ತಿಗೆ, ಸೌಟು ಎತ್ತಲಾರರಾ?" ಅತ್ತೆ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. "ಬನ್ನಿ, ಕೂತ್ಕಳಿ. ನೀವೂ ನಿಂತೇ ಸವೆದೋರು."

ದೊಡ್ಡಮ್ಮ ಕೂರಲಿಲ್ಲ. ಎಲ್ಲರದೂ ಆದ ಮೇಲೆ ಅಡುಗೆಮನೆಗೆ ಹೋಗಿ, ಕಟ್ಟೆಯ ಮೂಲೆಯಲ್ಲಿ ನಿಂತು, ಮಧ್ಯಾಹ್ನದ ಅನ್ನ ಉಂಡರು. ಅತ್ತೆ ಅವರ ಬೆನ್ನನ್ನೇ ನೋಡುತ್ತಿದ್ದರು. ಜಗಳದಲ್ಲಿ ಗೆದ್ದವರ ಮುಖ ಅದಾಗಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅತ್ತೆಯ ಎದೆ ಕೈಕೊಟ್ಟಿತು. ಹಾಸನದ ಆಸ್ಪತ್ರೆಯಲ್ಲಿ ನಾನು ಚಮಚದಿಂದ ಗಂಜಿ ಕುಡಿಸುತ್ತಿದ್ದೆ. "ನಿಂತು ಉಂಡೆ, ಕೂತು ಉಂಡೆ, ಈಗ ಮಲಗಿ ಉಣ್ತಿದೀನಿ. ಬಡ್ತಿ ಮೇಲೆ ಬಡ್ತಿ ಕಣೇ ನನಗೆ" ಅಂದರು. ನನಗೆ ನಗು ಬರಲಿಲ್ಲ. ಅವರು ನನ್ನ ಮಣಿಕಟ್ಟು ಹಿಡಿದರು. "ನಾನಿಲ್ಲ ಅಂತ ನೀನು ಮತ್ತೆ ನಿಂತ್ಕಬ್ಯಾಡ." ನನ್ನ ಜೊತೆ ಅವರ ಕೊನೆಯ ಮಾತು ಅದು.

ಆದರೆ ನಾನು ನಿಂತೆ. ಸಾವಿನ ಮನೆಗೆ ಜನ ಬರುತ್ತಾರೆ, ಹೋಗುತ್ತಾರೆ, ಉಣ್ಣುತ್ತಾರೆ. ಮಾವನವರು ಮಂಕಾಗಿದ್ದರು, ಬಿಸಿ ಮುದ್ದೆಯನ್ನಾದರೂ ತಿನ್ನಲಿ ಎಂದು ನಾನು ಒಲೆ ಬಿಟ್ಟು ಕದಲಲಿಲ್ಲ. ಭಾನುವಾರಗಳು ಬಂದವು, ಹಿತ್ತಲಲ್ಲಿ ಯಾರೂ ಕೆಂಡ ಮಾಡಲಿಲ್ಲ. ಒಂದು ದಿನ ನನ್ನ ತಟ್ಟೆ ಕಟ್ಟೆಯ ಆ ಮೂಲೆಯಲ್ಲೇ ಇರುವುದು ಕಾಣಿಸಿತು. ಅವರು ಬೆವರು ಸುರಿಸಿ ತೆರವು ಮಾಡಿದ ಜಾಗವನ್ನು ನಾನು ಸದ್ದಿಲ್ಲದೆ ತುಂಬಿಬಿಟ್ಟಿದ್ದೆ. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಸಿಟ್ಟೇ ಉಳಿಯಿತು.

ಹಿರಿಯರ ಹಬ್ಬ ಬಂತು. ಹೋದವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ದೊಡ್ಡಮ್ಮ ಹಿಂದಿನ ದಿನವೇ ಬಂದು ಕಡುಬು, ವಡೆ, ಪಾಯಸ ಎಂದು ಬೆರಳು ಮಡಿಚತೊಡಗಿದರು.

"ಪಾಸ್ತಾನೂ ಇಡ್ತೀನಿ" ಅಂದೆ.

"ಎಡೆಗೆ ಅದನ್ನ ಇಡ್ತಾರೇನೇ? ಹಿರೀಕರು ಏನಂದ್ಕಂತಾರೆ?"

"ಹಿರೀಕರಲ್ಲಿ ಈಗ ಅತ್ತೆನೂ ಒಬ್ಬರು, ದೊಡ್ಡಮ್ಮ. ಅವರೇನಂತಾರೆ ಅಂತ ನನಗೆ ಗೊತ್ತು."

ಆ ಮನೆಯಲ್ಲಿ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ದೊಡ್ಡಮ್ಮ ತಮ್ಮನ ಮುಖ ನೋಡಿದರು. ಮಾವನವರು ಜಗಲಿಯಿಂದ ಎದ್ದರು. "ಚಿಪ್ಪು ನೆಂದಿರ್ತಾವೆ. ಒಣಗಿದ್ದು ನೋಡಿ ತತ್ತೀನಿ" ಎಂದು ಹಿತ್ತಲಿಗೆ ಹೋದರು.

ಎಡೆಯ ಅಡುಗೆಯನ್ನು ಮೊದಲೇ ರುಚಿ ನೋಡುವಂತಿಲ್ಲ. ಕೈ ಅಂದಾಜಿನಲ್ಲಿ ಉಪ್ಪು ಹಾಕಿದೆ. ಕೊಬ್ಬರಿ ಹರವಿ, ಮೇಲೆ ಕೆಂಡ ಸುರಿದು, ಮೆಟ್ಟಿಲ ಮೇಲೆ ಕೂತೆ. ಅತ್ತೆಯ ಫೋಟೋದ ಮುಂದಿನ ಎಲೆಯಲ್ಲಿ ಕಡುಬಿನ ಪಕ್ಕ ಪಾಸ್ತಾ ಇಟ್ಟು, ಅವರು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗಲಿಯಲ್ಲಿ ಕಾದೆವು.

ಬಾಗಿಲು ತೆಗೆದ ಮೇಲೆ ಹಜಾರದ ನಡುವೆ ಸಿಂಬೆ ಹಾಕಿ ಪಾತ್ರೆ ಇಟ್ಟೆ. ತಟ್ಟೆ ಹಿಡಿದು ಮಾವನವರ ಎದುರಿಗೆ, ಅತ್ತೆಯ ಜಾಗದಲ್ಲಿ ಕೂತೆ. ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು.

"ಬಡಿಸೋರ್ಯಾರೇ?"

"ನಡುವೆ ಐತೆ ದೊಡ್ಡಮ್ಮ. ಕೈ ಇರೋರು ಹಾಕ್ಕಳಿ" ಅಂದೆ.

ಮಾವನವರು ಅಕ್ಕನ ಕಡೆ ಕೈ ಚಾಚಿದರು. "ಆ ಸೌಟು ಇತ್ತ ಕೊಡಕ್ಕ. ನೀನೂ ಕೂತ್ಕ."

ದೊಡ್ಡಮ್ಮ ಸೌಟನ್ನು ತಮ್ಮನ ಕೈಗೆ ಕೊಟ್ಟರು. ಆಮೇಲೆ ಗೋಡೆ ಹಿಡಿದು, ಒಂದು ಮಂಡಿ ಮಡಿಚಿ, ಇನ್ನೊಂದು ಮಂಡಿ ಮಡಿಚಿ, ನನ್ನ ಪಕ್ಕ ಕೂತರು. ತಮ್ಮ ಹಾಕಿಕೊಟ್ಟದ್ದನ್ನು ಒಂದು ತುತ್ತು ತಿಂದು, "ಉಪ್ಪು ಕಮ್ಮಿ ಐತೆ ಕಣೇ" ಅಂದರು. ಇನ್ನೊಂದು ತುತ್ತು ತೆಗೆದುಕೊಂಡರು.

ಉಪ್ಪು ತರಲು ಯಾರೂ ಏಳಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಆಗ ಯಾರೂ ಇರಲಿಲ್ಲ.