ಕಣ್ಣು ಮುಚ್ಚಿದರೆ

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವರ ಎಡಗಾಲಿನ ಚಪ್ಪಲಿ. ಇಳಕಲ್ಲಿನ ನಮ್ಮ ಓಣಿಯ ನಡುವೆ ಬಿದ್ದಿತ್ತು. ಯಜಮಾನರು ಸೀರೆ ಅಂಗಡಿಯಿಂದ ಊಟಕ್ಕೆ ಬಂದು ಕಟ್ಟೆಯ ಮೇಲೆ ಕೂತಿದ್ದರು, ಒಂದು ಕಾಲು ಬರಿದು. ಅವರಿಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಆ ತೂಗಾಟ. ದಿನಾ ಲಿಂಗಪೂಜೆ ಮುಗಿಸಿ, ದೇವರ ಜಗಲಿಯ ಮುಂದೆ ಎದ್ದು ನಿಂತು, ಕಣ್ಣು ಮುಚ್ಚಿ ಕೈಮುಗಿಯುವುದು ಅವರ ರೂಢಿ. ಈಚೆಗೆ ಕಣ್ಣು ಮುಚ್ಚಿದ ಕೂಡಲೇ ಮೈ ಹಿಂದೆ ಮುಂದೆ ತೂಗುತ್ತಿತ್ತು.

"ನೋಡ ಗಿರಿಜಾ, ನನ್ನ ಮಗಾ ಹೆಂಗ ಮೈಮರತಾನ! ಇವರಪ್ಪಗೂ ಇಷ್ಟ ಭಕ್ತಿ ಇರಲಿಲ್ಲ," ಎಂದು ಅತ್ತೆ ಗಲ್ಲ ಬಡಿದುಕೊಳ್ಳುತ್ತಿದ್ದರು.

ನಾನೂ ನಂಬಿದೆ. ನಂಬುವುದು ಹಿತವಾಗಿತ್ತು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದರು. ಬಿದ್ದರು.

ಸಾಬೂನಿನ ಮುಂದೆ ಎಂಥ ಭಕ್ತಿ?

ಬಾಗಲಕೋಟೆಯ ಡಾಕ್ಟರು ಅವರನ್ನು ಪಾದ ಜೋಡಿಸಿ ನಿಲ್ಲಿಸಿ, "ಕಣ್ಣ ಮುಚ್ಚರಿ," ಎಂದರು. ವಾಲಿದವರನ್ನು ಕಂಪೌಂಡರ್ ಹಿಡಿದ. ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಕುಗ್ಗಲಿಲ್ಲ. ಮೂಗಿನ ಹತ್ತಿರ ಬೆರಳು ತಂದರೆ ಕುಗ್ಗಿತು. ಡಾಕ್ಟರು ಇನ್ನೊಮ್ಮೆ ಟಾರ್ಚ್ ಬಿಟ್ಟರು. ಆಮೇಲೆ ನನ್ನ ಕಡೆ ನೋಡಲಿಲ್ಲ.

"ಕಾಲಾಗ ಮಿಂಚ ಹೊಡದಂಗ ಚಳಕ ಬರತಾವೇನ್ರಿ?"

"ಎರಡ ವರ್ಷ ಆತ್ರಿ. ವಾತ ಅನ್ಕೊಂಡಿದ್ದೆ."

ರಕ್ತ ತೆಗೆದರು. ಹುಬ್ಬಳ್ಳಿಗೆ ಕಳಿಸಿ ಬೆನ್ನಿನ ನೀರು ತೆಗೆಸಿದರು. ರಿಪೋರ್ಟ್ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಅದನ್ನು ಓದಬಲ್ಲವಳು ಕಾನ್ವೆಂಟಿನಲ್ಲಿ ಕಲಿತ ನಾನೊಬ್ಬಳೇ.

ಸಿಫಿಲಿಸ್. ದೇಹಸಂಗದಿಂದ ಅಂಟುವ ರೋಗ.

"ಏನ ಬರದಾರವಾ?" ಅತ್ತೆ ಕೇಳಿದರು.

"ನರದ ಬ್ಯಾನಿ ಅಂತರಿ, ಅತ್ತಿ."

ಸುಳ್ಳಲ್ಲ.

"ಭಾಳ ಹಳೇದೈತ್ರಿ," ಎಂದರು ಬಾಗಲಕೋಟೆಯ ಡಾಕ್ಟರು, ರಿಪೋರ್ಟ್ ನೋಡಿ. "ಈಗ ನರಕ್ಕ ಇಳದೈತಿ. ಅಕ್ಕಾರ, ನಿಮ್ಮ ರಕ್ತಾನೂ ನೋಡಬೇಕು. ನಿಮ್ದು ಸರಿ ಇದ್ರ ಮಗಳ ಚಿಂತಿ ಇಲ್ಲ."

ನನ್ನ ರಿಪೋರ್ಟಿಗೆ ನಾಲ್ಕು ದಿನ. ನನ್ನ ಲೋಟ ಬೇರೆ ಇಟ್ಟುಕೊಂಡೆ. ಮಗಳಿಗೆ ಜಡೆ ಹಾಕುವಾಗ ಅವಳ ಕುತ್ತಿಗೆಗೆ ನನ್ನ ಬೆರಳು ತಾಗದಂತೆ ಹೆಣೆದೆ. ಹಾಗೆ ಅಂಟುವುದಿಲ್ಲವೆಂದು ಡಾಕ್ಟರು ಹೇಳಿದ್ದರು, ಆದರೆ ಬೆರಳು ಕೇಳಬೇಕಲ್ಲ. "ಅವ್ವಾ, ಇದೇನ ಸಡ್ಲ ಹಾಕೀದಿ, ಸಾಲಿಗೆ ಹೋಗೂದ್ರಾಗ ಬಿಚ್ಚತೈತಿ," ಎಂದು ಅವಳು ಸಿಡುಕಿದಳು.

ಐದನೆಯ ದಿನ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: "ಸೀರಿ ಗಂಟ ಹೊತ್ತು ಸೋಲಾಪುರಕ್ಕ ಹೋಗ್ತಿದ್ದೆ. ಲಗ್ನಕ್ಕಿಂತ ಮೊದಲ."

ಬಸ್ಸು ಹುನಗುಂದ ದಾಟಿತು.

ನನ್ನ ಕಾಗದದಲ್ಲಿ 'ನಾನ್-ರಿಯಾಕ್ಟಿವ್' ಎಂದಿತ್ತು; ನನಗೆ ಅಂಟಿರಲಿಲ್ಲ. ಆ 'ನಾನ್' ಮೇಲೆ ಬೆರಳಿಟ್ಟು, ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಮನೆಗೆ ಬಂದು ಮಗಳ ಜಡೆ ಬಿಚ್ಚಿ ಬಿಗಿಯಾಗಿ ಹಾಕಿದೆ.

ಅವರಿಗೆ ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟರು. ಚಳಕು ಕಡಿಮೆಯಾಗಿದೆ. ಅಂಗಾಲಿಗೆ ನೆಲ ಇನ್ನೂ ತಿಳಿಯುವುದಿಲ್ಲ; ಕಣ್ಣಿನಿಂದಲೇ ಸಮತೋಲ ಹಿಡಿಯಬೇಕು. ಹೋದ ನರ ತಿರುಗಿ ಬರುವುದಿಲ್ಲ, ಇದ್ದದ್ದು ಉಳಿದರೆ ಸಾಕು ಎಂದಿದ್ದಾರೆ ಡಾಕ್ಟರು. ಸೋಲಾಪುರದ ಮಾತನ್ನು ನಾನು ಮತ್ತೆ ಕೇಳಿಲ್ಲ. ಕೇಳುವ ದಿನ ಬರಬಹುದು.

ಈಗ ಅವರು ಜಗಲಿಯ ಮುಂದೆ ದೀಪವನ್ನೇ ನೋಡುತ್ತ, ಕಣ್ಣು ತೆರೆದೇ ಕೈಮುಗಿಯುತ್ತಾರೆ. ಹಿಂದೆ ನಾನು ನಿಂತಿರುತ್ತೇನೆ, ಬೆನ್ನಿಗೆ ಒಂದು ಗೇಣು ದೂರದಲ್ಲಿ ಕೈಯಿಟ್ಟು. ಮೈ ತೂಗುವುದಿಲ್ಲ.

"ಮದಲಿನ ಭಕ್ತಿ ಉಳಿದಿಲ್ಲ ಬಿಡು," ಎಂದು ಅತ್ತೆ ಕೊರಗುತ್ತಾರೆ.

ಉಳಿಯದೇ ಇರಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತೇನೆ.