ಹಿಮ ಬಿದ್ದರೆ ಕೋರ್ಟಿಗೆ ರಜೆ

ಗೆಳೆಯರೇ, ಇವತ್ತು ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲಾಟಿನಲ್ಲೇ ನನ್ನ ವಿಚಾರಣೆ ನಡೆಯಿತು.

ಮಕ್ಕಳ ಸಣ್ಣಪುಟ್ಟ ತಪ್ಪುಗಳನ್ನು ಮಕ್ಕಳೇ ವಿಚಾರಿಸುವ 'ಯೂತ್ ಕೋರ್ಟ್' ಒಂದನ್ನು ಒಂಬತ್ತನೇ ಕ್ಲಾಸಿನ ಮಗಳು ರೀನಾ ಗೆಳತಿಯರೊಂದಿಗೆ ಶಾಲೆಯಲ್ಲಿ ಶುರುಮಾಡಿದ್ದಾಳೆ. ಅದರ ಪ್ರಚಾರಕ್ಕೊಂದು ವೆಬ್‌ಸೈಟ್. "ಬರೆಯುವ ಕೆಲಸ ನನಗೆ ಬಿಡಿ" ಎಂದವನು ನಾನೇ. ಆಫೀಸಿನಲ್ಲಿ ಹಳೇ ಪತ್ರ ತೆಗೆದು ತಾರೀಕು ಬದಲಿಸುವುದೇ ಇಷ್ಟು ವರ್ಷದ ನನ್ನ ಬರವಣಿಗೆ. ಹಾಗೇ ಅಮೆರಿಕದ ಯಾವುದೋ ಯೂತ್ ಕೋರ್ಟಿನ ಸೈಟಿನಿಂದ ಎತ್ತಿ, ಊರಿನ ಹೆಸರು ಮಾತ್ರ ದೋಹಾ ಎಂದು ತಿದ್ದಿ ಕೊಟ್ಟಿದ್ದೆ.

ಇವತ್ತು ಅದನ್ನು ಓದಿ ಇಡೀ ಶಾಲೆ ನಕ್ಕಿದೆಯಂತೆ. ಸಂಜೆ ರೀನಾ ಮತ್ತು ಇಬ್ಬರು ಗೆಳತಿಯರು ನನ್ನನ್ನು ಎದುರಿಗೆ ಕೂರಿಸಿದರು.

"ಡ್ಯಾಡಿ, 'ಜೋರು ಹಿಮ ಬಿದ್ದ ದಿನ ಕೋರ್ಟ್ ಇರುವುದಿಲ್ಲ' ಅಂತ ಉಂಟು. ದೋಹಾದಲ್ಲಿ ಹಿಮ ಎಲ್ಲಿ ಬೀಳ್ತದೆ?"

"ನಮ್ಮ ಫ್ರೀಜರಿನಲ್ಲಿ ಉಂಟಲ್ಲ" ಎಂದೆ. ಯಾರೂ ನಗಲಿಲ್ಲ.

ಸೈಟಿನಲ್ಲಿ ಹಾಕಲು ಕ್ಷಮಾಪಣೆ ಪತ್ರ ಬರೆಯಬೇಕೆಂದು ತೀರ್ಪಾಯಿತು. "ನೀವೇ ಬರೀಬೇಕು, ಖಲಾಸ್" ಎಂದಳು ಮಗಳು.

ಹತ್ತೇ ನಿಮಿಷದಲ್ಲಿ ಕೊಟ್ಟೆ. ರೀನಾ ಪೂರ್ತಿ ಓದಿ, ಕೊನೆಗೆ ಸಹಿಯ ಜಾಗಕ್ಕೆ ಬಂದು ತಡೆದಳು.

"ಡ್ಯಾಡಿ, ಈ ರಾಬರ್ಟ್ ಯಾರು?"

ಈ ಪೋಸ್ಟ್ ಮಾತ್ರ, ದಯವಿಟ್ಟು ನಂಬಿ, ನಾನೇ ಬರೆದದ್ದು.